ಅಂಗಡಿ ಮುಂದಿನ ಕೆಂಪು ಗೆರೆ

ಸ್ನೇಹಿತರೇ, ನನಗಿನ್ನೂ ನಂಬೋಕಾಗ್ತಿಲ್ಲ! ಬೆಳಿಗ್ಗೆ ಬಾಗಿಲು ತೆಗೆದ್ರೆ, ಎದುರಿನ ಗೊಬ್ಬರದಂಗಡಿ ಯಜಮಾನ್ರು ಬೀದಿಗೆ ಚಾಚಿದ್ದ ಶೀಟು, ಕಟ್ಟೆ ಎಲ್ಲಾ ಕೀಳಿಸ್ತಿದ್ದಾರೆ.

"ಏನ್ರೀ ಇದು?"

"ರಸ್ತೆ ಅಗಲ ಮಾಡ್ತಾರ್ರೀ. ಮಾರ್ಕ್ ಹಾಕಿ ಹೋಗ್ಯಾರೆ ನೋಡ್ರಿ, ಮೂರಡಿ!"

ನೋಡಿದೆ. ಒಂದು ಕೆಂಪು ಗೆರೆ, ಪಕ್ಕದಲ್ಲಿ "3". ನಿನ್ನೆ ಸಂಜೆ ಎರಡನೇ ಕ್ಲಾಸಿನ ನನ್ನ ಮಗಳು ಅಲ್ಲೇ ಹೆಂಚಿನ ಚೂರಲ್ಲಿ ಕುಂಟೆಬಿಲ್ಲೆ ಮನೆ ಬರೆದಿದ್ದಳು. ಗಾಡಿ ಓಡಾಡಿ ಅಳಿಸಿ, ಉಳಿದದ್ದು ಮೂರನೇ ಮನೆಯ ಒಂದು ಗೆರೆ, ಅಂಕಿ ಅಷ್ಟೇ.

ನಿಜ ಹೇಳಿಬಿಟ್ಟೆ. "ಮಕ್ಳನ್ನ ಒಳಗಿಟ್ಕೊಳ್ರೀ! ಬೀದಿ ಏನು ಆಡೋ ಜಾಗಾನಾ?" ಅಂತ ಯಜಮಾನ್ರು ಕೂಗಾಡಿದ್ರು. ಆದ್ರೆ ಅಷ್ಟೊತ್ತಿಗೆ ಕಟ್ಟೆ ಪೂರ್ತಿ ಕಿತ್ತಾಗಿತ್ತು.

ಪುರಸಭೆಯಿಂದ ಎಷ್ಟು ನೋಟಿಸ್ ಬಂದ್ರೂ ಅಲ್ಲಾಡದ ಕಟ್ಟೆಯ ಜಾಗದಲ್ಲಿ ಈಗ ನಾಲ್ಕು ಮಕ್ಕಳು ಕುಂಟ್ತಿದ್ದಾರೆ. ಮಗಳಿಗೆ ಇನ್ನೊಂದು ಹೆಂಚಿನ ಚೂರು ಹುಡುಕಿಕೊಟ್ಟಿದ್ದೀನಿ. ನಮ್ಮ ಶಿಕಾರಿಪುರದಲ್ಲಿ ಬೀದಿಗೆ ಚಾಚಿದ ಅಂಗಡಿಗಳು ಇನ್ನೂ ಬೇಕಾದಷ್ಟಿವೆ.