ಸಭಾಭವನದ ಹಿತ್ತಲು

1978ರ ಆಗಸ್ಟ್ ತಿಂಗಳ ಒಂದು ಭಾನುವಾರ ಕಾರ್ಕಳದ ಸಂಘವೊಂದು ಬಡ ವಿದ್ಯಾರ್ಥಿಗಳಿಗೆ ಸಹಾಯಧನ ವಿತರಿಸಿತು. ಆಯ್ಕೆಯಾದವರಲ್ಲಿ ನಾನೂ ಒಬ್ಬಳು. ವೇದಿಕೆಗೆ ನನ್ನನ್ನು ಕರೆಯಲಿಲ್ಲ.

ಆಗ ನಾನು ಉಡುಪಿಯ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದೆ. ಮನೆ ಕಾಪುವಿನ ಕಡಲ ಬದಿಯಲ್ಲಿ. ಅಪ್ಪ ತೀರಿಹೋಗಿದ್ದರು. ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದರು. ನಮ್ಮ ಕಡೆ ಕಾಲೇಜು ಶುರುವಾಗುವುದು ಮಳೆಗಾಲದಲ್ಲಿ, ದೋಣಿಗಳೆಲ್ಲ ದಡ ಹತ್ತಿದ ಮೇಲೆ. ಮೀನಿಲ್ಲದ ಆ ತಿಂಗಳುಗಳಲ್ಲಿ ಫೀಸು ಕಟ್ಟುವುದು ನಮ್ಮಂಥ ಮನೆಗಳಿಂದ ಆಗುತ್ತಿರಲಿಲ್ಲ. ಕಾಲೇಜಿನವರು ಆಗಸ್ಟ್ ಕೊನೆಯವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಸಹಾಯಧನ ಕೈಗೆ ಬರದಿದ್ದರೆ ನನ್ನ ಓದು ಅಲ್ಲಿಗೆ ನಿಲ್ಲುತ್ತಿತ್ತು.

ಸಂಘದ ನಿಯಮ ಒಂದೇ: ಮನೆಯ ಹಿರಿಯರೊಬ್ಬರು ವಿದ್ಯಾರ್ಥಿಯ ಜೊತೆಗೆ ಬರಬೇಕು.

ಅಂದು ಬೆಳಿಗ್ಗೆ ಅಮ್ಮ ಒಳ್ಳೆಯ ಸೀರೆ ಉಟ್ಟು ನನ್ನೊಂದಿಗೆ ಬಸ್ ನಿಲ್ದಾಣದವರೆಗೆ ಬಂದಿದ್ದರು. ಸಮುದ್ರಪೂಜೆ ಮುಗಿದು ಬಲೆ ಬೀಸಲು ಆಗಷ್ಟೇ ಶುರುವಾಗಿತ್ತು. ನೆರೆಮನೆಯ ಹೆಂಗಸರು ಬುಟ್ಟಿ ಹಿಡಿದು ಕಡಲ ಕಡೆ ಓಡುವುದು ಕಾಣಿಸಿತು. ಬಲೆಗೆ ಬಂಗುಡೆ ಬಿದ್ದಿತ್ತು.

"ನೀನು ಹೋಗು ಮಗಾ. ನಾನು ಮೀನಿನ ಟೆಂಪೋದಲ್ಲಿ ಕಾರ್ಕಳಕ್ಕೆ ಬರ್ತೇನೆ. ಪೇಟೆಯಲ್ಲಿ ಮಾರಿ ಸೀದಾ ಅಲ್ಲಿಗೇ" ಎಂದು ಅಮ್ಮ ತುಳುವಿನಲ್ಲಿ ಹೇಳಿದರು.

"ಸೀರೆ?"

"ಸೀರೆಗೆ ಎಂತ ಆಗ್ತದೆ? ನೀನು ಬಸ್ ಹತ್ತು."

ಸಭಾಭವನದಲ್ಲಿ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟು ಕೂತೆ. ಆಚೆ ಬದಿಯಲ್ಲಿ ಮಗನೊಂದಿಗೆ ಬಂದ ಹೆಂಗಸೊಬ್ಬರಿದ್ದರು.

"ಇಲ್ಲಿ ಯಾರಾದ್ರೂ ಉಂಟಾ?"

"ಅಮ್ಮ ಬರ್ತಾರೆ."

ಸ್ವಲ್ಪ ಹೊತ್ತಾದ ಮೇಲೆ ಅವರು ಖಾಲಿ ಕುರ್ಚಿ ನೋಡಿ, "ಎಂತ, ನಿನ್ನ ಅಮ್ಮ ಮದುಮಗಳ ಹಾಗೆ ಎಲ್ಲರೂ ಕೂತ ಮೇಲೆ ಬರುವುದಾ?" ಎಂದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಸಂಘದ ಕಾರ್ಯದರ್ಶಿ ಕುರ್ಚಿಗಳ ನಡುವೆ ನಡೆದು ಬಂದರು. "ತಾಯಿ ಎಲ್ಲಿ?"

"ಬರ್ತಾರೆ ಸರ್."

"ಬರ್ಲಿ. ನಿನ್ನದು ಕೊನೆಗೆ ಇಡುವಾ."

ಕೊನೆಯೂ ಬಂತು. ಬಾಗಿಲಲ್ಲಿ ಅಮ್ಮ ಕಾಣಿಸಲಿಲ್ಲ. ವಂದನಾರ್ಪಣೆ ಆಯಿತು, ಫೋಟೋ ತೆಗೆದರು, ಎಲ್ಲರೂ ಊಟಕ್ಕೆ ಎದ್ದರು. ಮನೆಮಂದಿ ಒಟ್ಟಿಗೇ ಕೂತು ಉಣ್ಣುತ್ತಿದ್ದರು. ಸಾಲಿನ ತುದಿಯಲ್ಲಿ ನಾನೊಬ್ಬಳೇ ಕೂತು, ಅನ್ನ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ.

ಅಮ್ಮ ಅಲ್ಲಿ ಬಾವಿಕಟ್ಟೆಯ ಪಕ್ಕದಲ್ಲಿ ಕೂತಿದ್ದರು. ಹತ್ತಿರ ಖಾಲಿ ಬುಟ್ಟಿ. ಸೀರೆಯ ಅಂಚು ಒದ್ದೆಯಾಗಿತ್ತು.

"ಅಡುಗೆಯವ 'ಇವತ್ತು ಮೀನು ಬೇಡ ಮಾರಾಯ್ತಿ' ಅಂದ. ನಾನು ಮಾರಲಿಕ್ಕೆ ಬಂದದ್ದಲ್ಲ ಅಂದೆ. ಹಾಗಾದ್ರೆ ಕೂತ್ಕೊಳ್ಳಿ ಅಂದ."

"ಎದುರಿನಿಂದ ಒಳಗೆ ಬರಬೇಕಿತ್ತಲ್ಲ ಅಮ್ಮ?"

"ಈ ವಾಸನೆ ಇಟ್ಟುಕೊಂಡಾ? ನೀನೇ ಬಂದು ಕರೀತಿ ಅಂತ ಕೂತೆ." ಬುಟ್ಟಿಯನ್ನು ಬದಿಗೆ ಸರಿಸಿ ಹೇಳಿದರು, "ಮೈಕಿನಲ್ಲಿ ಎಲ್ಲರ ಹೆಸರೂ ಕೇಳ್ತು. ನಿನ್ನದು ಮಾತ್ರ ಕರೀಲಿಲ್ಲ."

ಮೀನು ಮಾರುವವರು ಯಾವ ಮನೆಗೆ ಹೋದರೂ ಹಿತ್ತಲಿನಿಂದಲೇ ಹೋಗುವುದು. ಅಮ್ಮ ಅಲ್ಲಿಗೂ ಹಾಗೆಯೇ ಬಂದಿದ್ದರು.

ನಾನು ಕಾರ್ಯದರ್ಶಿಯವರನ್ನು ಹುಡುಕಿ ಕರೆತಂದೆ. ಒಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವರು ಅಮ್ಮನನ್ನೂ ಬುಟ್ಟಿಯನ್ನೂ ನೋಡಿದರು.

"ಇಷ್ಟು ಹೊತ್ತೂ ಇಲ್ಲಿಯೇ ಇದ್ದದ್ದಾ ಅಮ್ಮ ನೀವು? ಛೆ, ಫೋಟೋದವರು ಹೋದರಲ್ಲ!"

ಲಕೋಟೆಯನ್ನು ಅವರು ಅಮ್ಮನ ಕಡೆ ಚಾಚಿದರು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಅವಳಿಗೇ ಕೊಡಿ. ನನ್ನ ಕೈ ತಾಗಿದರೆ ಕಾಗದ ಒದ್ದೆಯಾಗ್ತದೆ."

ವಾಪಸು ಒಟ್ಟಿಗೆ ಹೋಗುವ ಎಂದೆ. ಕಾಲೇಜಿಗೆ ಹಾಕುವ ಬಟ್ಟೆಯಲ್ಲಿ ಟೆಂಪೋ ಹತ್ತಬಾರದು ಎಂದು ಅಮ್ಮ ಒಪ್ಪಲಿಲ್ಲ. ಬುಟ್ಟಿ ಇರುವಾಗ ಬಸ್ಸಿಗೆ ಅವರೂ ಬರಲಿಲ್ಲ. ನಾನು ಪಡುಬಿದ್ರಿಯ ಬಸ್ಸು ಹಿಡಿದೆ. ನಿಟ್ಟೆ ದಾಟಿದ ಮೇಲೆ ಮಳೆ ಬಂತು. ನಂದಿಕೂರಿನ ಹತ್ತಿರ ಟೆಂಪೋ ಒಂದು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಟಾರ್ಪಾಲಿನ ಅಡಿಯಲ್ಲಿ ಹೆಂಗಸರು ಕೂತಿದ್ದರು. ಯಾರ ಮುಖವೂ ಕಾಣಿಸಲಿಲ್ಲ.

ಮರುದಿನ ಫೀಸು ಕಟ್ಟಿದೆ. ಮುಂದಿನ ಎರಡು ವರ್ಷವೂ ಸಹಾಯಧನ ಸಿಕ್ಕಿತು. "ಮಾವನನ್ನು ಕರ್ಕೊಂಡು ಹೋಗು" ಎಂದರು ಅಮ್ಮ. ಆ ಎರಡೂ ಫೋಟೋಗಳಲ್ಲಿ ನನ್ನ ಪಕ್ಕದಲ್ಲಿ ಮಾವ ನಿಂತಿದ್ದಾರೆ.

1985ರಲ್ಲಿ ನನಗೆ ಮಣಿಪಾಲದಲ್ಲಿ ಕೆಲಸವಿತ್ತು. ಅಲ್ಲಿಯೇ ಬಾಡಿಗೆ ಮನೆ ಮಾಡಿದೆ. ಅಮ್ಮ ಮೊದಲ ಸಲ ಬರುತ್ತೇನೆಂದು ಹೇಳಿ ಕಳಿಸಿದ್ದ ದಿನ, ಎದುರಿನ ಬಾಗಿಲು ತೆರೆದಿಟ್ಟು ಜಗಲಿಯಲ್ಲಿ ಕಾಯುತ್ತಾ ಕೂತೆ. ಅಂದು ಅವರ ಬಳಿ ಬುಟ್ಟಿ ಇರಲಿಲ್ಲ. ಅವರು ಹಿತ್ತಲ ಕಡೆಯಿಂದ ಬಂದು ಅಡುಗೆಮನೆಯ ಬಾಗಿಲು ತಟ್ಟಿದರು.