ಕೋಡಿ ಸೇತುವೆಯ ಮೇಸ್ತ್ರಿ

ಮೊನ್ನೆ ಪಕ್ಕದ ಮನೆಯವರು ನೀರಿನ ತೊಟ್ಟಿ ಕಟ್ಟಿಸುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ನಮ್ಮ ಅಡಿಗೆಮನೆಯವರೆಗೂ ಬಂತು. ದೇವರಾಯಸಮುದ್ರದ ಕೆರೆ ಕೋಡಿ, ಅಲ್ಲಿ ನಾವು ಕಟ್ಟಿದ ಸೇತುವೆ, ಆ ಸಾಬರ ಮೇಸ್ತ್ರಿ… ಎಲ್ಲ ನೆನಪಾಯಿತು.

ಎಪ್ಪತ್ತೊಂದರ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನನಗೆ ಮದುವೆಯಾಗಿ ವರ್ಷವಾಗಿತ್ತು. ಅತ್ತೆಯ ಜೊತೆ ಆ ಸೇತುವೆ ಕೆಲಸಕ್ಕೆ, ಕಾಂಕ್ರೀಟಿನ ಬಾಂಡ್ಲಿ ಹೊರಲು ಹೋಗುತ್ತಿದ್ದೆ. ಓದಿದ್ದು ಎರಡನೇ ಕ್ಲಾಸು. ಕಸುವು ಮಾತ್ರ ಬೇಕಾದಷ್ಟಿತ್ತು.

ಸೇತುವೆಯ ಗೋಡೆ ಒಂದೇ ದಿನದಲ್ಲಿ ಏಳುವುದಿಲ್ಲ. ನಿನ್ನೆ ಹಾಕಿ ಗಟ್ಟಿಯಾದ ಕಾಂಕ್ರೀಟಿನ ಮೇಲೆ ಇವತ್ತು ಹೊಸದು ಹಾಕಬೇಕು. ಎರಡೂ ಕಚ್ಚಿಕೊಳ್ಳದಿದ್ದರೆ ಗೋಡೆ ಇದ್ದೂ ಇಲ್ಲದಂತೆ. ಅದನ್ನು ನೋಡಲು ಮೇಸ್ತ್ರಿಯದೇ ಒಂದು ಕ್ರಮವಿತ್ತು. ಮರದ ಅಚ್ಚಿನಲ್ಲಿ ಅರ್ಧ ಇವತ್ತು, ಅರ್ಧ ನಾಳೆ, ಗೋಡೆಗೆ ಹಾಕುವ ಅದೇ ಕಾಂಕ್ರೀಟು ತುಂಬಿಸುತ್ತಿದ್ದರು. ಕೆಲವು ದಿನ ನೀರಲ್ಲಿಟ್ಟು ಆಮೇಲೆ ಸುತ್ತಿಗೆಯಿಂದ ಒಡೆಯುತ್ತಿದ್ದರು. ಬೇರೆಲ್ಲಿ ಒಡೆದರೂ ಸರಿ, ಸೇರಿದ ಜಾಗದಲ್ಲಿ ಬಿಡಬಾರದು.

ಒಂದು ಸಲ ಮೊದಲ ಏಟಿಗೇ ಬಿಟ್ಟಿತು, ಸೇರಿದ ಜಾಗದಲ್ಲೇ. ಒಳಮೈ ನುಣ್ಣಗಿತ್ತು. ಅದರ ಮೇಲೆ ಬೆರಳಿನ ಗೆರೆಗಳು, ಬಳೆ ತಾಗಿದ ಗುರುತು. ಬಳೆ ನನ್ನದು. ಮೇಸ್ತ್ರಿ ಹಬ್ಬಕ್ಕೆಂದು ಮುಳಬಾಗಿಲಿಗೆ ಹೋಗಿದ್ದಾಗ, ಒರಟಾಗಿ ಬಿಟ್ಟು ಹೋಗುವುದು ಮೈಗಳ್ಳತನವೆಂದುಕೊಂಡು, ಗೋಡೆಯ ಹಸಿ ತಲೆಯನ್ನೂ ಅಚ್ಚಿನಲ್ಲಿದ್ದ ಅರ್ಧವನ್ನೂ ನೆಲ ಸಾರಿಸಿದ ಹಾಗೆ ಸಾರಿಸಿದ್ದೆ!

"ರಂಗೋಲಿನೂ ಹಾಕ್ಬಿಟ್ಟು ಬರ್ಬೇಕಿತ್ತು ಕಣೇ," ಎಂದರು ಅತ್ತೆ. ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ, ಬೈಯಲೂ ಇಲ್ಲ.

"ನುಣ್ಣಗಿದ್ರೆ ಹೊಸದು ಏನನ್ನ ಹಿಡ್ಕೊಳ್ಳುತ್ತೆ, ಬೇಟಿ?"

ಅಷ್ಟರಲ್ಲಿ ನಾನು ಸಾರಿಸಿದ ಜಾಗದ ಮೇಲೆ ಆಳೆತ್ತರ ಗೋಡೆ ಎದ್ದಿತ್ತು. ಅದನ್ನು ಒಡೆಯಬೇಕೆಂದು ಮೇಸ್ತ್ರಿ ಹೇಳಿದ್ದೇ ಕಂಟ್ರಾಕ್ಟರು ಓಡಿ ಬಂದ.

"ಮೇಲೆ ಗಾರೆ ಬಳೀರಿ ಸಾಬ್ರೇ. ಯಾವೋನಿಗೆ ಗೊತ್ತಾಗುತ್ತೆ?"

"ಕೋಡಿ ಬಿದ್ದಾಗ ನೀರಿಗೆ ಗೊತ್ತಾಗುತ್ತೆ, ಸ್ವಾಮಿ."

"ಗೋಡೆ ಮುಟ್ಟಿದ್ರೆ ನಿನ್ನ ಕೆಲ್ಸ ಮುಗೀತು. ಮನೆಗೆ ನಡಿ."

"ಹೋಗ್ತೀನಿ. ಒಡೆದು, ಕಟ್ಟಿ, ಆಮೇಲೆ ಹೋಗ್ತೀನಿ."

ಹಾಗೇ ಮಾಡಿದರು. ಬೇರೆ ಮೇಸ್ತ್ರಿ ಸಿಗುವವರೆಗೆ ಕಂಟ್ರಾಕ್ಟರು ಹಲ್ಲು ಕಚ್ಚಿಕೊಂಡಿದ್ದ. ನಾನೂ ಉಳಿ ಹಿಡಿದೆ. ನಾನು ಸಾರಿಸಿದ ಮೈಯನ್ನೆಲ್ಲ ಮುಳ್ಳುಮುಳ್ಳಾಗಿ ಕೆತ್ತಿ, ತೊಳೆದು, ಸಿಮೆಂಟು ಗಂಜಿ ಬಳಿದು, ಹೊಸದು ಹಾಕಿದೆವು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಅತ್ತೆ ಆಗ ತಮಾಷೆ ಮಾಡಲಿಲ್ಲ.

ಗೋಡೆ ಮತ್ತೆ ಎದ್ದ ದಿನವೇ ಕಂಟ್ರಾಕ್ಟರು ಮೇಸ್ತ್ರಿಯನ್ನು ಕಳಿಸಿಬಿಟ್ಟ. ಈ ಸಲದ ಅಚ್ಚಿನ ಕಾಂಕ್ರೀಟು ಇನ್ನೂ ನೀರಲ್ಲಿತ್ತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೀನೇ ಒಡಿ, ಬೇಟಿ," ಎಂದರು. ಗಂಡಾಳುಗಳು ಅಷ್ಟು ಜನ ನಿಂತಿದ್ದರು. ಕೊಟ್ಟಿದ್ದು ನನಗೆ.

ವಾರ ಬಿಟ್ಟು ಒಡೆದೆ. ಆರು ಏಟು ತಿಂದಿತು. ಮೂಲೆ ಹಾರಿತು, ಒಳಗಿನ ಜಲ್ಲಿಯೇ ಸೀಳಿತು. ಸೇರಿದ ಜಾಗ ಬಿಡಲಿಲ್ಲ. ಹೇಳೋಣವೆಂದರೆ ಅವರು ಶ್ರೀನಿವಾಸಪುರದ ಕಡೆ ಎಲ್ಲೋ ಕೆಲಸಕ್ಕೆ ಹೋಗಿದ್ದರು. ಮತ್ತೆ ಸಿಗಲಿಲ್ಲ. ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ಕೇಳಿದೆ…

ಆಮೇಲೆ ಕೆರೆ ಎಷ್ಟೋ ಸಲ ಕೋಡಿ ಬಿದ್ದಿದೆ. ಸೇತುವೆ ಅಲ್ಲೇ ಇದೆ. ಬಸ್ಸಿನಲ್ಲಿ ದಾಟುವಾಗ ಮೊಮ್ಮಕ್ಕಳಿಗೆ ಹೇಳುತ್ತೇನೆ, ಇದನ್ನು ಮೇಸ್ತ್ರಿ ಮತ್ತು ನಾನು ಕಟ್ಟಿದ್ದು ಅಂತ. ನಂಬುವುದಿಲ್ಲ, ನಗುತ್ತಾರೆ. ಹೌದು ಅನ್ನಬಹುದಾಗಿದ್ದವರು ಮೇಸ್ತ್ರಿಯೊಬ್ಬರೇ.