ನಮ್ಮ ಬೀದಿಯ ಹೂವು ಮೊದಲು ಯಾರಿಗೆ

ಹಲಸೂರಿನ ನಮ್ಮ ಹಳೇ ಬೀದಿ ನೋಡೋಕೆ ಭಾನುವಾರ ಬೆಳಿಗ್ಗೆ ಹೊರಗಿನ ಜನ ಬರ್ತಾರೆ. ಅವರನ್ನು ಕರ್ಕೊಂಡು ಬರೋ ಹುಡುಗಿಗೆ ಒಂದು ದಿನ ಗದರಿದೆ: "ಮೂವತ್ತು ಜನ ನನ್ನ ಜಗಲಿ ಮೇಲೆ ನಿಂತ್ರೆ ನಾನೆಲ್ಲಿ ಕೂರ್ಲಿ? ಹತ್ತು ಜನ ಸಾಕು. ಬರೀ ಫೋಟೋ ಹೊಡ್ಕೊಂಡು ಹೋಗ್ಬೇಡಿ, ಎದುರಿಗಿರೋ ಹೂವಿನವಳ ಹತ್ರ ಏನಾದ್ರೂ ತಗೊಳ್ಳಿ."

ಹುಡುಗಿ ಮಾತು ಕೇಳಿದಳು. ಮುಂದಿನ ವಾರ ಬಂದ ಹತ್ತು ಜನ ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನೆಲ್ಲ ಕೊಂಡರು. ಆಮೇಲೆ ಪೂಜೆಗೆ ಹೂ ಕೇಳಿದ ನಮ್ಮ ಬೀದಿ ಹೆಂಗಸರು ಬರಿಗೈಲಿ ವಾಪಸ್ ಹೋದರು.

"ಎಲ್ಲಾ ಕೊಟ್ಬಿಡು ಅಂತ ಯಾರೇ ಹೇಳಿದ್ದು?" ಅಂದೆ.

"ನನ್ನ ಹತ್ರ ತಗೊಳ್ಳಿ ಅಂತ ಅವರಿಗೆ ಹೇಳಿದ್ದು ನೀವೇ ಅಲ್ವೇನಜ್ಜಿ!" ಅಂದಳು ಹೂವಿನವಳು.

ತಪ್ಪು ನಂದೇ. ಬಂದವರಿಂದ ಬೀದಿಗೆ ಲಾಭ ಆಗ್ಲಿ ಅಂದ್ಕೊಂಡೆ, ಬೀದಿಯವರಿಗೇ ಇಲ್ಲದ ಹಾಗಾಗುತ್ತೆ ಅಂತ ಯೋಚಿಸಲಿಲ್ಲ. ಈಗ ಅವಳು ನಮ್ಮ ಮನೆಗಳ ಹೂ ಮೊದಲು ಎತ್ತಿಟ್ಟು, ಮಿಕ್ಕಿದ್ದನ್ನು ಅವರಿಗೆ ಮಾರ್ತಾಳೆ.